ಅವ್ವನ ಕೈಗೊಂದು ಸ್ವಿಚ್ಚು

2012ರಲ್ಲಿ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಿಡುಗಡೆಯಾದಾಗ ಸೀಟಿ ಹೊಡೆದು ಗಂಟಲು ಹರಿದುಕೊಂಡವರಲ್ಲಿ ನಾನೂ ಒಬ್ಬ. ಸಂಗೊಳ್ಳಿ ನಮ್ಮ ಬೈಲಹೊಂಗಲ ತಾಲ್ಲೂಕಿನದೇ, ಬಿಡುವುದುಂಟೇ! ಟಾಕೀಜಿನ ಆ ಗುಡುಗು ಮನೆಯಲ್ಲೂ ಬರಬೇಕೆಂಬ ಹುಚ್ಚು ಆವತ್ತೇ ಹಿಡಿಯಿತು. ಪಿಯುಸಿ ಅರ್ಧಕ್ಕೆ ಬಿಟ್ಟದ್ದು ಅದರಿಂದಲೇ ಅಂತ ಅವ್ವ ಈಗಲೂ ಅನ್ನುತ್ತಾಳೆ. ಪೂರ್ತಿ ಸುಳ್ಳಲ್ಲ ಬಿಡಿ.

ಹುಚ್ಚು ಬಂದದ್ದು ಅಪ್ಪನಿಂದ. ಅಪ್ಪ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಊರ ಮದುವೆಗಳು, ಸವದತ್ತಿ ಯಲ್ಲಮ್ಮನ ಜಾತ್ರೆ, ಕಿತ್ತೂರಿನ ಸಮಾರಂಭ. ಕಿತ್ತೂರಿಗೆ ಹೋದರೆ 1961ರ ‘ಕಿತ್ತೂರು ಚೆನ್ನಮ್ಮ’ದ ಹಾಡು ಹಾಕದೆ ಜನ ಬಿಡುತ್ತಿರಲಿಲ್ಲವಂತೆ. ಪಂತುಲು ಅವರ ಚಿತ್ರ, ಸರೋಜಾದೇವಿಯವರ ಚೆನ್ನಮ್ಮ, ಟಿ.ಜಿ. ಲಿಂಗಪ್ಪನವರ ಸಂಗೀತ... ಅಪ್ಪ ಹೇಳುತ್ತಿದ್ದರೆ ನನಗೆ ಹಾರ್ನಿನ ಸದ್ದೇ ಕೇಳಿದಂತಾಗುತ್ತಿತ್ತು.

2021ರಲ್ಲಿ ಅಪ್ಪ ಹೋದ. ಉಳಿದದ್ದು ಒಂದು ವಾಲ್ವ್ ಆಂಪ್ಲಿಫೈಯರ್, ಅಪ್ಪನೇ ಹಲಗೆ ಕೊಯ್ದು ಮಾಡಿದ ಎರಡು ಸ್ಪೀಕರ್ ಪೆಟ್ಟಿಗೆ. ನಾನು ಲೇಖನ ಹಿಡಿದುಕೊಂಡು ಊರೂರು ಅಲೆಯುವವನು, ಮನೆಯಲ್ಲಿ ಅವ್ವ ಒಬ್ಬಳೇ. ಅವಳಿಗೆ ಹಾಡು ಬೇಕು, ಆ ಸೆಟ್ಟು ಮುಟ್ಟಲು ಮಾತ್ರ ಭಯ. ಒಮ್ಮೆ ಕೈಗೆ ಹೊಡೆದಿತ್ತು. ಹೊಡೆಯದೆ ಏನು ಮಾಡೀತು? ವಾಲ್ವಿಗೆ ಮುನ್ನೂರು ವೋಲ್ಟ್ ಬೇಕು, ಒಳಗಿನ ತಂತಿ ಕೆಂಪಗೆ ಕಾಯಬೇಕು. ಕಾಯ್ದದ್ದು ಸವೆಯುತ್ತದೆ. ಒಂದು ಕಾಲಕ್ಕೆ ನಮ್ಮ ಬೆಂಗಳೂರಿನ ಬಿ.ಇ.ಎಲ್.ನಲ್ಲೇ ವಾಲ್ವ್ ತಯಾರಾಗುತ್ತಿದ್ದವು. ಈಗ ರಷ್ಯಾ, ಸ್ಲೊವಾಕಿಯಾ, ಚೀನಾದ ಮಾಲು ಹುಡುಕಬೇಕು. ದನಿ ಮಾತ್ರ ಜೇನು, ಇಲ್ಲ ಅನ್ನುವುದಿಲ್ಲ. ಆದರೆ ಜೇನಿಗಾಗಿ ಅವ್ವನನ್ನು ಹುಳದ ಬಾಯಿಗೆ ಕೊಡಲಾದೀತೇ?

ಟ್ರಾನ್ಸಿಸ್ಟರ್ ಸೆಟ್ ತರೋಣವೆಂದು ಎರಡು ಲೇಖನದ ದುಡ್ಡು ಹಿಡಿದು ಪ್ಯಾಟಿಗೆ ಹೋದೆ. ಯಾವ ಅಂಗಡಿ ಎಂದು ಕೇಳಬೇಡಿ. ಮುಖದ ಮೇಲೆ ನೀಲಿ ದೀಪ, ದಪ್ಪಕ್ಷರದಲ್ಲಿ ‘800 ವ್ಯಾಟ್’, ಹಿಂದೆ ಗುಂಯ್ ಎನ್ನುವ ಫ್ಯಾನು. ಮರುಳಾಗಿ ತಂದೆ. ಒಂದು ತಿಂಗಳು ಗುಡುಗಿತು. ಒಂದು ಸಂಜೆ ಎಡಗಡೆ ಸ್ಪೀಕರಿನ ಕೋನು ಬುಡಕ್ ಎಂದು ಮುಂದೆ ಬಂದು ನಿಂತಿತು, ಹಿಂದೆಯೇ ಹೊಗೆ. ಓಡಿ ಪ್ಲಗ್ ಕಿತ್ತೆ. ಆಗಬಾರದ್ದು ಆಗಿಹೋಗಿತ್ತು. ಅವ್ವ ಬೈಯಲಿಲ್ಲ. ಸೆರಗಿನಿಂದ ಪೆಟ್ಟಿಗೆ ಒರೆಸಿ ಮೂಲೆಗೆ ಸರಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಎರಡನ್ನೂ ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ರಾಮದುರ್ಗಕ್ಕೆ ಹೋದೆ. ಅಲ್ಲಿ ಅಪ್ಪನ ಹಳೆಯ ಗೆಳೆಯ, ರೇಡಿಯೋ ರಿಪೇರಿಯ ಕಾಕಾ ಇದ್ದಾರೆ. ಮುಚ್ಚಳ ಬಿಚ್ಚಿದರು. ಒಳಗೆ ಬೈಲಹೊಂಗಲದ ಜಿನ್ನಿಂಗ್ ಮಿಲ್ಲುಗಳ ಹತ್ತಿಯ ಎಳೆಯೆಲ್ಲ ಹಾಸಿಗೆಯಂತೆ ಕುಳಿತಿತ್ತು!

“ಫ್ಯಾನ್ ಗಾಳಿ ಅಷ್ಟ ಎಳೀತದ ಅಂದ್ಕೊಂಡಿಯೇನ? ಹತ್ತೀನೂ ಎಳೀತದ. ಫ್ಯಾನ್ ನಿಂತ್ತು, ಐ.ಸಿ. ಸುಟ್ತು. ಐ.ಸಿ.ನೂ ನಕಲಿ.”

“ಐ.ಸಿ. ಸುಟ್ರ ಸ್ಪೀಕರ್ ಯಾಕ ಸುಡಬೇಕ್ರಿ ಕಾಕಾ?”

ಆಗ ತಿಳಿಯಿತು ನೋಡಿ ವಿಷಯ. ವಾಲ್ವ್ ಸೆಟ್ಟಿನಲ್ಲಿ ಸ್ಪೀಕರಿನ ಮುಂದೆ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ, ಡಿ.ಸಿ. ಕರೆಂಟು ಅದನ್ನು ದಾಟುವುದಿಲ್ಲ. ಟ್ರಾನ್ಸಿಸ್ಟರ್ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಆ ಗೋಡೆ ಇಲ್ಲ. ಕೊನೆಯ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಮೂವತ್ತು ನಲವತ್ತು ವೋಲ್ಟ್ ನೇರ ಸ್ಪೀಕರಿನ ಕಾಯಿಲ್‌ಗೆ ನುಗ್ಗುತ್ತದೆ. ಅದಕ್ಕೆ ಕಾವಲು ಒಂದು ರಿಲೇ. ಸ್ವಿಚ್ ಹಾಕಿದ ಮೂರ್ನಾಲ್ಕು ಸೆಕೆಂಡಿಗೆ ‘ಟಕ್’ ಎನ್ನುತ್ತದಲ್ಲ, ಅದೇ. ಡಿ.ಸಿ. ಕಂಡೊಡನೆ ಸ್ಪೀಕರನ್ನು ಬಿಡಿಸುತ್ತದೆ. ನನ್ನ ನೀಲಿ ದೀಪದ ಸುಂದರಿಗೆ ಅದೊಂದೇ ಇರಲಿಲ್ಲ.

“ವ್ಯಾಟ್ ನೋಡಬ್ಯಾಡ ತಮ್ಮಾ, ತೂಕ ನೋಡು” ಎಂದರು ಕಾಕಾ. ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇದ್ದರೆ ಪೆಟ್ಟಿಗೆ ಭಾರ ಇರುತ್ತದೆ. ಹತ್ತು ಹನ್ನೆರಡು ಅಡಿ ಖೋಲಿಯಲ್ಲಿ ಹಾಡು ಕೇಳಲು ಒಂದೆರಡು ವ್ಯಾಟ್ ಸಾಕು, ಹುರುಪು ಬಂದಾಗ ಹತ್ತು. ಇಪ್ಪತ್ತೈದರ ಸೆಟ್ಟು ಉಸಿರು ಬಿಡದೆ ವರ್ಷಗಟ್ಟಲೆ ನಡೆಯುತ್ತದೆ. ಟ್ರಾನ್ಸಿಸ್ಟರ್ ಮುದಿಯಾಗುವುದು ಕಡಿಮೆ, ಮುದಿಯಾಗುವುದು ಕೆಪಾಸಿಟರ್. ಅದಕ್ಕೆ ಶಾಖವೇ ವೈರಿ. ಹತ್ತು ಡಿಗ್ರಿ ತಂಪಾಗಿಟ್ಟರೆ ಆಯುಷ್ಯ ಹೆಚ್ಚುಕಡಿಮೆ ಎರಡು ಪಟ್ಟು. ಆದ್ದರಿಂದ 105 ಡಿಗ್ರಿಯದೇ ಹಾಕಿಸಬೇಕು. ಹಳೆಯ ಸೆಟ್ಟು ಕೊಳ್ಳುವವರು ಅದರ ತಲೆ ಉಬ್ಬಿದೆಯೋ ಎಂದು ನೋಡಲೇಬೇಕು.

ಅಂಗೈಯಗಲದ ಕ್ಲಾಸ್ ಡಿ ಬೋರ್ಡುಗಳೂ ಬಂದಿವೆ. ಕಾಯುವುದು ಕಡಿಮೆ, ಬೆಲೆಯೂ ಕಡಿಮೆ. ಕೆಟ್ಟರೆ ಒಗೆದು ಬೇರೆ ಹಾಕುವುದು. ಹಾಸ್ಟೆಲ್ ಹುಡುಗರಿಗೆ ನಾನು ಅದನ್ನೇ ಹೇಳುತ್ತೇನೆ. ನಮಗೆ ಕಾಕಾ 2ಎನ್3055, ಎಂ.ಜೆ.2955 ಜೋಡಿಯ ಸೆಟ್ಟು ಕಟ್ಟಿದರು. ಲೋಹದ ಟೋಪಿಯ ಹಳೆಯ ಟ್ರಾನ್ಸಿಸ್ಟರುಗಳು, ಸುಟ್ಟರೂ ಹುಬ್ಬಳ್ಳಿಯಲ್ಲಿ ಸಿಗುತ್ತವೆ. ಫ್ಯಾನಿಲ್ಲ, ಬೆನ್ನಿಗೆ ಅಗಲವಾದ ಅಲ್ಯೂಮಿನಿಯಂ ರೆಕ್ಕೆ. ಕ್ಯಾಸೆಟ್ ಡೆಕ್ ಬೇಕೆಂದು ನಾನು ಹಟ ಹಿಡಿದೆ. “ಬೆಲ್ಟ್ ಸಡಿಲಾದ್ರ ನಿಮ್ಮವ್ವ ಹಾಕ್ತಾಳೇನ?” ಎಂದರು, ಬಾಯಿ ಮುಚ್ಚಿದೆ. ಪೆನ್‌ಡ್ರೈವ್ ಬೋರ್ಡು ಬಂತು.

ಸುಟ್ಟ ಸ್ಪೀಕರಿಗೆ ಹೊಸ ಕಾಯಿಲ್, ಹೊಸ ಕೋನು. ಪೆಟ್ಟಿಗೆ ಅಪ್ಪನದೇ. ಎಡಕ್ಕೂ ಬಲಕ್ಕೂ ದನಿಯಲ್ಲಿ ಕೂದಲೆಳೆಯ ವ್ಯತ್ಯಾಸವಿದೆ. ಅವ್ವ ಬಲಗಡೆಯೇ ಕೂಡುತ್ತಾಳೆ.

ಹೋದ ವಾರ ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿದ್ದಾಗ ಅವಳ ಫೋನು ಬಂತು. “ಟಕ್ ಅಂತು, ಆಮ್ಯಾಲ ಹಾಡಾಕತ್ತು. ಅಡಿಗಿ ಮನೀತನಕ ಕೇಳಾಕತ್ತೈತಿ.” ಹಿಂದಿನಿಂದ ಲಿಂಗಪ್ಪನವರ ವಾದ್ಯಮೇಳ ಕೇಳುತ್ತಿತ್ತು. ಅಷ್ಟರಲ್ಲಿ ಬಸ್ಸು ಬಂತು.

ಕಾಕಾಗೆ ಇನ್ನೂ ಎಂಟು ನೂರು ಬಾಕಿ ಇದೆ. ಸಂಪಾದಕರು ಈ ಲೇಖನದ ದುಡ್ಡು ಕಳಿಸಿದ ಮೇಲೆ.