ಕಿಡಿಯ ಪರೀಕ್ಷೆ ಹೇರಿನಲ್ಲಿ

ಶ್ರೀಮಠದ ಸ್ಮರಣ ಸಂಪುಟದಲ್ಲಿ ಕಾಯಕ ತತ್ತ್ವವನ್ನು ಕುರಿತು ಅಧಿಕಾರವಾಣಿಯಿಂದ ಬರೆಯಬಲ್ಲ ವಿದ್ವಾಂಸರು ಅನೇಕರಿದ್ದಾರೆ. ಶ್ರೀಮಠದ ಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಬಳಿಕ ಯಾವಗಲ್ ಗ್ರಾಮದಲ್ಲಿ ಲಾರಿಗಳ ದುರಸ್ತಿಯನ್ನೇ ಜೀವನೋಪಾಯವಾಗಿ ಮಾಡಿಕೊಂಡ ನನ್ನಂಥವನು ಆ ಸಾಹಸಕ್ಕೆ ಕೈ ಹಾಕುವುದು ತರವಲ್ಲ. ಆದುದರಿಂದ ನನ್ನ ಕೈಗೆ ನಿತ್ಯ ಪರಿಚಿತವಾದ ಒಂದು ಸಣ್ಣ ವಸ್ತುವನ್ನು ಕುರಿತೇ ಬರೆಯುತ್ತೇನೆ. ಅದು ಲಾರಿಯ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್. ಹಳೆಯದನ್ನು ತೆಗೆದು ಹೊಸದನ್ನು ಹಾಕುವಾಗ ನಂಬಿಕೆಗೆ ಅರ್ಹವಾದುದನ್ನು ಆರಿಸುವುದು ಹೇಗೆ ಎಂಬುದು ಮೇಲ್ನೋಟಕ್ಕೆ ಗ್ಯಾರೇಜಿನ ಮಾತು. ಆದರೆ ಹನ್ನೆರಡನೆಯ ಶತಮಾನದ ಶರಣರಲ್ಲಿ ಹಗ್ಗ ಹೊಸೆದು ಮಾರಿದ ನುಲಿಯ ಚಂದಯ್ಯನವರಿದ್ದರು, ದೋಣಿ ನಡೆಸಿದ ಅಂಬಿಗರ ಚೌಡಯ್ಯನವರಿದ್ದರು. ಹಗ್ಗ ಹರಿದರೆ ಹೊಸೆದವನ ಕೊಡ ಬಾವಿಗೆ ಬೀಳುವುದಿಲ್ಲ; ಕೊಂಡವರ ಕೊಡ ಬೀಳುತ್ತದೆ. ಪ್ಲಗ್ಗಿನ ಮಾತೂ ಅಂಥದೇ.

ನಮ್ಮ ಭಾಗದ ಲಾರಿಗಳ ಇತಿಹಾಸವನ್ನು ತುಸು ನೆನೆಯುವುದು ಇಲ್ಲಿ ಅವಶ್ಯ. ಎರಡನೆಯ ಮಹಾಯುದ್ಧದ ತರುವಾಯ ಸೈನ್ಯವು ವಿಲೇವಾರಿ ಮಾಡಿದ ಷೆವರ್ಲೆ, ಫೋರ್ಡ್ ಲಾರಿಗಳೂ ಅನಂತರ ನಮ್ಮ ದೇಶದಲ್ಲೇ ಜೋಡಿಸಲ್ಪಟ್ಟ ಡಾಜ್, ಫಾರ್ಗೊ, ಬೆಡ್‌ಫೋರ್ಡ್ ಲಾರಿಗಳೂ ಬಹುಮಟ್ಟಿಗೆ ಪೆಟ್ರೋಲಿನಿಂದ ಓಡುತ್ತಿದ್ದವು. ಆ ಕಾಲದ ಚಾಲಕನ ಪೆಟ್ಟಿಗೆಯಲ್ಲಿ ಪಾನಾ, ಚಿಮ್ಮಟಗಳೊಂದಿಗೆ ಎರಡು ಪ್ಲಗ್‌ಗಳು ಇದ್ದೇ ಇರುತ್ತಿದ್ದವು. 1954ರಲ್ಲಿ ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಿಂದ ಡೀಸೆಲ್ ಲಾರಿಗಳನ್ನು ಹೊರತಂದ ಮೇಲೆ ಕ್ರಮೇಣ ಪೆಟ್ರೋಲ್ ಲಾರಿಗಳು ಮರೆಯಾದವು; ಅವುಗಳೊಡನೆ ಪ್ಲಗ್ಗಿನ ವಿದ್ಯೆಯೂ ಲಾರಿ ಮೇಸ್ತ್ರಿಗಳ ಕೈಬಿಟ್ಟು ಮೋಟಾರ್ ಸೈಕಲ್ ದುರಸ್ತಿಯವರ ಪಾಲಾಯಿತು. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ. ಅಲ್ಲಿ ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಕೆಲವು ಡೀಸೆಲ್ ವಾಹನಗಳಲ್ಲಿ ಕಾಣುವ ಗ್ಲೋ ಪ್ಲಗ್ ಎಂಬುದು ಚಳಿಯಲ್ಲಿ ಇಂಜಿನ್ ಹೊರಡುವುದಕ್ಕೆ ಮಾತ್ರ ನೆರವಾಗುವ ಕಾವಿನ ಕಡ್ಡಿ; ಅದನ್ನು ಸ್ಪಾರ್ಕ್ ಪ್ಲಗ್ ಎಂದು ಭ್ರಮಿಸಬಾರದು.

ಈಗ ಕಾಲಚಕ್ರ ತಿರುಗಿದೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಎಂಬ ಹೊಗೆ ನಿಯಮಗಳು ಜಾರಿಗೆ ಬಂದ ಮೇಲೆ ಸಣ್ಣ ಸರಕು ವಾಹನಗಳಲ್ಲಿ ಪೆಟ್ರೋಲ್ ಮತ್ತು ಸಿ.ಎನ್.ಜಿ. ಎಂಬ ಒತ್ತಿದ ನೈಸರ್ಗಿಕ ಅನಿಲದ ಇಂಜಿನ್ನುಗಳು ಹೆಚ್ಚಿದವು. ಟಾಟಾ, ಐಷರ್, ಅಶೋಕ್ ಲೇಲ್ಯಾಂಡ್ ಸಂಸ್ಥೆಗಳು ದೊಡ್ಡ ಲಾರಿಗಳನ್ನೂ ಅನಿಲದ ಇಂಜಿನ್ನಿನೊಡನೆ ಮಾರುತ್ತಿವೆ. ಅನಿಲವು ಒತ್ತಡ ಮಾತ್ರದಿಂದ ಸುಲಭವಾಗಿ ಹೊತ್ತಿಕೊಳ್ಳದು. ಅದಕ್ಕೆ ಕಿಡಿ ಬೇಕೇಬೇಕು. ಹೀಗಾಗಿ ಅಜ್ಜನ ಕಾಲದ ಪ್ಲಗ್ ಮೊಮ್ಮಗನ ಲಾರಿಗೆ ಮರಳಿ ಬಂದಿದೆ. ವಿದ್ಯೆ ಮಾತ್ರ ಅಷ್ಟೇ ವೇಗವಾಗಿ ಮರಳಿಲ್ಲ.

ಇದರ ಫಲವನ್ನು ನಾನು ಕಣ್ಣಾರೆ ಕಂಡೆ. ಕೆಲವು ವರ್ಷಗಳ ಹಿಂದೆ, ಶ್ರಾವಣ ಕಳೆದು ಹೆಸರುಕಾಳಿನ ರಾಶಿ ಮುಗಿದ ದಿನಗಳಲ್ಲಿ, ನಮ್ಮೂರ ತರುಣನೊಬ್ಬನು ತನ್ನ ನಾಲ್ಕು ಸಿಲಿಂಡರಿನ ಅನಿಲದ ಲಾರಿಯಲ್ಲಿ ಐದಾರು ಮನೆಗಳ ಕಾಳನ್ನು ಹೇರಿಕೊಂಡು ಗದಗಿನ ಮಾರುಕಟ್ಟೆಗೆ ಹೊರಟಿದ್ದನು. ಅವನು ಅದಕ್ಕೆ ಕೆಲವೇ ದಿನಗಳ ಮುಂಚೆ ದೂರದ ಪಟ್ಟಣವೊಂದರ ಅಂಗಡಿಯಲ್ಲಿ ನಾಲ್ಕು ಹೊಸ ಪ್ಲಗ್‌ಗಳನ್ನು ಕೊಂಡು ಹಾಕಿಸಿಕೊಂಡಿದ್ದನು. ಬರಿದಾದ ಲಾರಿ ಚೆನ್ನಾಗಿಯೇ ಓಡಿತು. ಹೇರು ಬಿದ್ದೊಡನೆ ಮುಗ್ಗರಿಸತೊಡಗಿ, ರೋಣ ಮುಟ್ಟುವ ಮೊದಲೇ ನಿಂತಿತು. “ಕಾಕಾ, ಗಾಡಿ ಜಗ್ಗವಲ್ದರೀ, ಬರೇ ಝಾಡಸಾಕತ್ತೈತಿ” ಎಂದು ಅವನು ಫೋನಿನಲ್ಲಿ ಹೇಳಿದಾಗಲೇ ನನಗೆ ಪ್ಲಗ್ಗಿನ ಮೇಲೆ ಸಂಶಯ ಬಂದಿತು. ನಾನು ಹೋಗಿ ಬಿಚ್ಚಿ ನೋಡಲಾಗಿ, ನಾಲ್ಕರಲ್ಲಿ ಎರಡರ ನಡುಗಂಬಿ ನಡುವೆ ಇರದೆ ಓರೆಯಾಗಿತ್ತು. ಒಂದರ ಬಿಳಿಯ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ ಹೆಸರಾಂತ ಕಂಪನಿಯದು. ಒಳಗಿನ ಮಾಲು ಅದಲ್ಲ.

ಬೇರೆ ಪ್ಲಗ್ ಹಾಕಿ ಲಾರಿಯನ್ನು ಹೊರಡಿಸುವಷ್ಟರಲ್ಲಿ ಆ ದಿನದ ಟೆಂಡರಿನ ಹೊತ್ತು ಮೀರಿತ್ತು. ಮರುದಿನ ಮಾರುಕಟ್ಟೆಗೆ ರಜೆ. ಜಿಟಿಜಿಟಿ ಮಳೆಯಲ್ಲಿ ಎರಡು ರಾತ್ರಿ ತಾಡಪತ್ರಿಯ ಕೆಳಗೆ ಕುಳಿತ ಕಾಳು ತೇವ ಹಿಡಿದು ಬೆಲೆ ಕಳೆದುಕೊಂಡಿತು. ಆ ಚೀಲಗಳಲ್ಲಿ ಕೆಲವು, ಮಗಳ ಕಾಲೇಜಿನ ಫೀಗಾಗಿ ಕಾಳನ್ನು ಕಾಯ್ದಿರಿಸಿದ್ದ ಒಬ್ಬ ತಾಯಿಯವು. ಆಕೆ ಯಾರನ್ನೂ ಬೈಯಲಿಲ್ಲ. ನನ್ನ ಅಂಗೈಯಲ್ಲಿದ್ದ ಪ್ಲಗ್ಗನ್ನು ತಿರುಗಿಸಿ ತಿರುಗಿಸಿ ನೋಡಿ, “ತಮ್ಮಾ, ಇಷ್ಟ್ ಸಣ್ಣದು ಕೆಟ್ರ ಅಷ್ಟ್ ದೊಡ್ಡ ಗಾಡಿ ನಿಂದರತೈತೇನು?” ಎಂದು ಮಾತ್ರ ಕೇಳಿದಳು. ಆ ಪ್ರಶ್ನೆಗೆ ಸಮಾಧಾನವಾಗಿ ಕೊಡಬೇಕಾದ ಉತ್ತರವೇ ಈ ಲೇಖನದ ಉಳಿದ ಭಾಗ.

ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಎರಡು ಸುತ್ತಿಗೆ ಒಮ್ಮೆ ಪ್ರತಿಯೊಂದು ಪ್ಲಗ್ಗೂ ಕಿಡಿ ಕೊಡಬೇಕು. ಇಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪ್ಲಗ್ ನಿಮಿಷಕ್ಕೆ 1,000 ಸಲ, ಗಂಟೆಗೆ 60,000 ಸಲ ಕಿಡಿ ಹಾರಿಸುತ್ತದೆ. ಬಯಲಿನ ಗಾಳಿಯಲ್ಲಿ 1 ಮಿಲಿಮೀಟರ್ ಅಂತರವನ್ನು ದಾಟಲು ಕಿಡಿಗೆ 3,000ದಿಂದ 4,000 ವೋಲ್ಟು ಸಾಕಾಗುತ್ತದೆ. ಒತ್ತಿ ಹಿಡಿದ ಸಿಲಿಂಡರಿನ ಒಳಗಾದರೋ ಹತ್ತಾರು ಸಾವಿರ ವೋಲ್ಟು ಬೇಕಾಗುತ್ತದೆ. ಹೇರು ಹೆಚ್ಚಿ ಚಾಲಕನು ಆಕ್ಸಿಲರೇಟರನ್ನು ಒತ್ತಿದಂತೆ ಒಳಗೆ ತುಂಬುವ ಮಿಶ್ರಣವು ದಟ್ಟವಾಗಿ, ಕಿಡಿ ದಾಟುವುದು ಮತ್ತಷ್ಟು ಕಠಿಣವಾಗುತ್ತದೆ. ಬಿರುಕಿದ್ದ ಪಿಂಗಾಣಿಯಲ್ಲಿ ವಿದ್ಯುತ್ತು ಕಠಿಣವಾದ ಅಂತರವನ್ನು ಬಿಟ್ಟು ಬಿರುಕಿನ ಕಳ್ಳದಾರಿಯನ್ನೇ ಹಿಡಿಯುತ್ತದೆ. ಬರಿಗಾಡಿಯಲ್ಲಿ ಅಡಗಿದ್ದ ದೋಷವು ಹೇರಿನಲ್ಲಿ ಹೊರಬೀಳುವುದು ಈ ಕಾರಣದಿಂದ. ಆದುದರಿಂದ ಹೊಸ ಪ್ಲಗ್ ಹಾಕಿದ ಲಾರಿಯನ್ನು ಅಂಗಳದಲ್ಲಿ ನಿಲ್ಲಿಸಿ ಇಂಜಿನ್ನಿನ ಸದ್ದನ್ನು ಕೇಳಿದ ಮಾತ್ರಕ್ಕೆ ಪರೀಕ್ಷೆ ಮುಗಿಯಿತೆಂದು ತಿಳಿಯಲಾಗದು.

ಆಯ್ಕೆಯ ಮೊದಲ ಮೆಟ್ಟಿಲು ಅಳತೆ. ಇಂದಿನ ಅನೇಕ ಇಂಜಿನ್ನುಗಳಲ್ಲಿ ಪ್ಲಗ್ಗಿನ ತಿರುಪು 14 ಮಿಲಿಮೀಟರ್ ಅಡ್ಡಳತೆಯದು. ಆದರೆ ಅಷ್ಟೇ ದಪ್ಪದ ತಿರುಪಿನಲ್ಲಿ 12.7 ಮಿ.ಮೀ. ಉದ್ದದ್ದೂ ಉಂಟು, 19 ಮಿ.ಮೀ. ಉದ್ದದ್ದೂ ಉಂಟು. ಗಿಡ್ಡ ಪ್ಲಗ್ ಬೇಕಾದಲ್ಲಿ ಉದ್ದನೆಯದನ್ನು ಹಾಕಿದರೆ ಅದರ ತುದಿ ಪಿಸ್ಟನ್ನಿಗೋ ವಾಲ್ವಿಗೋ ತಾಗಿ ಇಂಜಿನ್ನನ್ನೇ ಕೆಡಿಸಬಹುದು; ಉದ್ದನೆಯದರ ಸ್ಥಾನದಲ್ಲಿ ಗಿಡ್ಡದನ್ನು ಹಾಕಿದರೆ ಕಿಡಿಯು ಗೂಡಿನೊಳಗೆ ಅಡಗಿ ಇಂಧನ ಅರೆಬರೆ ಉರಿಯುತ್ತದೆ. ವಾಷರಿನ ಮೇಲೆ ಕೂರುವ ಪ್ಲಗ್ ಬೇರೆ, ಇಳಿಜಾರು ಪೀಠದ ಮೇಲೆ ಕೂರುವುದು ಬೇರೆ. ಕೈಗೆ ತಿರುಗಿತು ಎಂಬ ಮಾತ್ರಕ್ಕೆ ಹೊಂದಿತು ಎಂದಲ್ಲ.

ಎರಡನೆಯದು ಕಾವಿನ ದರ್ಜೆ. ಪ್ಲಗ್ಗಿನ ತುದಿ ಸುಮಾರು 450 ಸೆಂಟಿಗ್ರೇಡಿಗಿಂತ ಹೆಚ್ಚು ಕಾದಾಗಲೇ ಅದರ ಮೇಲೆ ಕೂತ ಮಸಿ ತಾನಾಗಿ ಉರಿದು ಹೋಗುತ್ತದೆ. 850ರ ಆಸುಪಾಸನ್ನು ಮೀರಿದರೆ ತುದಿಯೇ ಕೆಂಡದಂತಾಗಿ, ಕಿಡಿ ಬರುವ ಮೊದಲೇ ಇಂಧನವನ್ನು ಹೊತ್ತಿಸಿ ಪಿಸ್ಟನ್ನನ್ನು ಸುಡುತ್ತದೆ. ಶಾಖವನ್ನು ಬೇಗನೆ ಬಿಟ್ಟುಕೊಡುವ ಪ್ಲಗ್ಗನ್ನು ತಣ್ಣನೆಯದೆಂದೂ ನಿಧಾನವಾಗಿ ಬಿಟ್ಟುಕೊಡುವುದನ್ನು ಬಿಸಿಯದೆಂದೂ ಕರೆಯುತ್ತಾರೆ. ಇಲ್ಲೊಂದು ತೊಡಕಿದೆ. ಎನ್‌ಜಿಕೆ, ಡೆನ್ಸೊ ಎಂಬ ಜಪಾನಿನ ಕಂಪನಿಗಳ ಪ್ಲಗ್‌ಗಳಲ್ಲಿ ಸಂಖ್ಯೆ ಏರಿದಂತೆ ಪ್ಲಗ್ ತಣ್ಣಗಾಗುತ್ತದೆ. ಬಾಷ್, ಚಾಂಪಿಯನ್ ಪ್ಲಗ್‌ಗಳಲ್ಲಿ ಸಂಖ್ಯೆ ಏರಿದಂತೆ ಬಿಸಿಯಾಗುತ್ತದೆ. ಆದುದರಿಂದ “ಮೊದಲಿನದೂ ಏಳನೆಯ ನಂಬರು, ಇದೂ ಏಳನೆಯ ನಂಬರು” ಎಂದು ಅಂಗಡಿಯವನು ಕೊಟ್ಟುದನ್ನು ತೆಗೆದುಕೊಳ್ಳುವುದು ಅಪಾಯಕರ. ಲಾರಿಯೊಡನೆ ಬಂದ ಕೈಪಿಡಿಯಲ್ಲಿರುವ ಪೂರ್ಣ ಗುರುತನ್ನು, ಒಂದಕ್ಷರವನ್ನೂ ಬಿಡದೆ, ಬರೆದುಕೊಂಡು ಹೋಗುವುದೇ ಕ್ಷೇಮ. ಅದರಲ್ಲಿನ ಒಂದೊಂದು ಅಕ್ಷರಕ್ಕೂ ಅರ್ಥವಿದೆ. ಬಹಳಷ್ಟು ಪ್ಲಗ್‌ಗಳಲ್ಲಿ ‘ಆರ್’ ಎಂಬ ಅಕ್ಷರವು ಒಳಗೆ ವಿದ್ಯುತ್ ಪ್ರತಿರೋಧಕವಿದೆ ಎಂಬುದರ ಸೂಚನೆ. ಅದಿಲ್ಲದಿದ್ದರೆ ಕಿಡಿಯಿಂದ ಹೊರಡುವ ರೇಡಿಯೋ ಅಲೆಗಳು ಇಂದಿನ ಇಂಜಿನ್ನನ್ನು ನಡೆಸುವ ಗಣಕಕ್ಕೆ ಗೊಂದಲ ಉಂಟುಮಾಡಬಲ್ಲವು.

ಮೂರನೆಯದು ಅಂತರ. ಈ ಪಾಠವನ್ನು ನಾನು ಗ್ಯಾರೇಜಿನಲ್ಲಿ ಕಲಿಯಲಿಲ್ಲ. ಶ್ರೀಮಠದ ಶಾಲೆಯಲ್ಲಿಯೇ ಕಲಿತೆ. ನಮ್ಮ ವಿಜ್ಞಾನದ ಗುರುಗಳು ದಾನಿಗಳೊಬ್ಬರು ಕೊಡಿಸಿದ ಪ್ರೇರಣಾ ಸುರುಳಿಯನ್ನು ಮೇಜಿನ ಮೇಲಿಟ್ಟು, ಅದರ ಎರಡು ಹಿತ್ತಾಳೆಯ ಮೊನೆಗಳ ನಡುವೆ ನೀಲಿಯ ಕಿಡಿ ಹಾರಿಸಿ, ಮೊನೆಗಳನ್ನು ಮೆಲ್ಲಮೆಲ್ಲನೆ ದೂರ ಸರಿಸುತ್ತಿದ್ದರು. ಒಂದು ಗೆರೆಯವರೆಗೆ ಕಿಡಿ ಇನ್ನಷ್ಟು ಉದ್ದವಾಗಿ ಬೆಳಗುತ್ತಿತ್ತು. ಕೂದಲೆಳೆಯಷ್ಟು ಮೀರಿದರೆ ಥಟ್ಟನೆ ನಿಲ್ಲುತ್ತಿತ್ತು. ಪ್ಲಗ್ಗಿನ ಅಂತರವೂ ಹಾಗೆಯೇ. ತೀರ ಕಿರಿದಾದರೆ ಕಿಡಿ ದುರ್ಬಲ, ಹಿರಿದಾದರೆ ಕಿಡಿಯೇ ಇಲ್ಲ. ಅನಿಲವನ್ನು ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚಿನ ವೋಲ್ಟು ಬೇಕಾಗುವುದರಿಂದ ಅನಿಲದ ಇಂಜಿನ್ನುಗಳಲ್ಲಿ ಅಂತರವನ್ನು ಸಾಮಾನ್ಯವಾಗಿ ಕಡಿಮೆ ಇಡುತ್ತಾರೆ. ಫೀಲರ್ ಗೇಜಿನ ತೆಳು ತಗಡಿನಿಂದ ಅಳೆದು ಕೈಪಿಡಿಯ ಅಂಕಿಗೆ ಸರಿಹೊಂದಿಸಬೇಕೇ ಹೊರತು ಕಣ್ಣಂದಾಜಿನಿಂದಲ್ಲ.

ಇನ್ನು ಲೋಹದ ಮಾತು. ಸಾಧಾರಣ ಪ್ಲಗ್ಗಿನ ತುದಿ ನಿಕ್ಕಲ್ ಮಿಶ್ರಲೋಹದ್ದು. ಬೆಲೆಯುಳ್ಳವುಗಳದು ಪ್ಲಾಟಿನಂ ಅಥವಾ ಇರಿಡಿಯಂ. ನಿಕ್ಕಲ್ 1,455 ಸೆಂಟಿಗ್ರೇಡಿನಲ್ಲಿ, ಪ್ಲಾಟಿನಂ 1,768ರಲ್ಲಿ, ಇರಿಡಿಯಂ 2,446ರಲ್ಲಿ ಕರಗುತ್ತದೆ. ಕಠಿಣವಾದ ಲೋಹ ನಿಧಾನವಾಗಿ ಸವೆಯುವುದರಿಂದ ಅಂತರವು ಬಹುಕಾಲ ಕಾಯ್ದುಕೊಂಡಿರುತ್ತದೆ. ಹೆಚ್ಚಿನ ವೋಲ್ಟಿನಿಂದ ಬೇಗ ಸವೆಯುವ ಅನಿಲದ ಇಂಜಿನ್ನುಗಳಲ್ಲಿ ಇದು ದೊಡ್ಡ ಲಾಭ. ಹಾಗೆಂದು ಬೆಲೆ ಹೆಚ್ಚಿದುದೆಲ್ಲ ಎಲ್ಲ ಇಂಜಿನ್ನಿಗೂ ಶ್ರೇಷ್ಠವೆಂದಲ್ಲ. ಕೈಪಿಡಿಯು ನಿಕ್ಕಲ್ಲನ್ನು ಹೇಳಿದ್ದರೆ, ಅದೇ ದರ್ಜೆಯ ನಿಕ್ಕಲ್ ಪ್ಲಗ್ಗನ್ನು ಹೇಳಿದ ಕಿಲೋಮೀಟರಿಗೆ ತಪ್ಪದೆ ಬದಲಿಸುವವನೇ ಜಾಣ. ಇರಿಡಿಯಂ ತುದಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಆ ಸೂಕ್ಷ್ಮ ತುದಿಯೇ ಹಾಳಾಗುತ್ತದೆ.

ನಂಬಿಕೆಯ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ಖರೀದಿಯಲ್ಲಿ. 1951ರಲ್ಲಿ ಸ್ಥಾಪಿತವಾಗಿ ‘ಮೈಕೋ’ ಎಂದೇ ಜನಜನಿತವಾದ ಬೆಂಗಳೂರಿನ ಕಂಪನಿಯು ಆಡುಗೋಡಿಯಲ್ಲಿ ಪ್ಲಗ್‌ಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿ ಕನ್ನಡ ನಾಡಿನ ಕೈಚಳಕಕ್ಕೆ ಹೆಸರು ತಂದಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಹೆಸರು ಬೆಳೆದಲ್ಲಿ ನಕಲೂ ಹುಟ್ಟುತ್ತದೆ. ಆದುದರಿಂದ ಕಂಪನಿಯ ಅಧಿಕೃತ ವಿತರಕರಲ್ಲಿಯೇ ಕೊಂಡು ರಸೀದಿ ಪಡೆಯುವುದು ಲೇಸು. ಪಿಂಗಾಣಿ ನುಣುಪಾಗಿದೆಯೇ, ಅದರ ಮೇಲಿನ ಅಚ್ಚು ಉಗುರಿಗೆ ಅಳಿಯುತ್ತದೆಯೇ, ನಡುಗಂಬಿ ನೆಟ್ಟಗಿದೆಯೇ, ತಿರುಪಿನ ಹಲ್ಲುಗಳು ಶುಭ್ರವಾಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಪ್ರತಿರೋಧಕವುಳ್ಳ ಪ್ಲಗ್ಗಿನ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿದರೆ ಸಾಮಾನ್ಯವಾಗಿ 5,000 ಓಮಿನ ಆಸುಪಾಸು ತೋರಬೇಕು. ಆ ದಿನ ಬಿಚ್ಚಿದ ನಾಲ್ಕರಲ್ಲಿ ಮೂರು, ‘ಆರ್’ ಎಂಬ ಅಕ್ಷರವನ್ನು ಹೊತ್ತಿದ್ದರೂ, ಸೊನ್ನೆಯನ್ನೇ ತೋರಿದವು. ನಕಲು ಪ್ಲಗ್ಗಿನ ಲಾಭ ಕೆಲವು ಹತ್ತು ರೂಪಾಯಿಗಳು. ಕಿಡಿ ತಪ್ಪಿದಾಗ ಉರಿಯದ ಇಂಧನವು ಹೊಗೆ ಕೊಳವೆಗೆ ಹರಿದು, ಅಲ್ಲಿರುವ ದುಬಾರಿಯಾದ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಆ ಹಾನಿಯು ಮಾಲೀಕನದು. ತೇವ ಹಿಡಿದ ಕಾಳಿನ ಹಾನಿ ಯಾರದೆಂಬುದನ್ನು ಮೇಲೆ ಹೇಳಿದ್ದೇನೆ.

ಕೂಡಿಸುವ ಕೆಲಸವೂ ಆಯ್ಕೆಯಷ್ಟೇ ಮುಖ್ಯ. ಇಂಜಿನ್ ತಣ್ಣಗಾದ ಮೇಲೆ, ಗುಂಡಿಯ ಸುತ್ತಲಿನ ಎರೆಮಣ್ಣಿನ ಧೂಳನ್ನು ಊದಿ ತೆಗೆದು, ಪ್ಲಗ್ಗನ್ನು ಮೊದಲು ಬರಿಗೈಯಿಂದಲೇ ತಿರುಗಿಸಬೇಕು. ವಾಷರುಳ್ಳ ಹೊಸ ಪ್ಲಗ್ ಪೀಠ ಮುಟ್ಟಿದ ಬಳಿಕ ಪಾನಾದಿಂದ ಸುಮಾರು ಅರ್ಧ ಸುತ್ತು ಸಾಕು. ಇಳಿಜಾರು ಪೀಠದ್ದಕ್ಕೆ ಇನ್ನೂ ಬಹಳ ಕಡಿಮೆ. ತೆಗೆದ ಹಳೆಯ ಪ್ಲಗ್ಗನ್ನು ಎಸೆಯುವ ಮುನ್ನ ಅದರ ಮುಖವನ್ನು ಓದಬೇಕು. ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಇಂಜಿನ್ ಆರೋಗ್ಯವಾಗಿದೆ. ಒಣ ಮಸಿಯಿದ್ದರೆ ಇಂಧನ ಹೆಚ್ಚಾಗಿದೆ ಅಥವಾ ಪ್ಲಗ್ ತಣ್ಣನೆಯದಾಯಿತು. ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ಬಳೆಗಳೋ ವಾಲ್ವಿನ ಸೀಲುಗಳೋ ಸವೆದಿವೆ. ಬಿಳಿಚಿ ಗುಳ್ಳೆ ಎದ್ದಿದ್ದರೆ ಕಾವು ಮಿತಿಮೀರಿದೆ. ಮುಖವನ್ನು ಓದದೆ ಹೊಸದನ್ನು ಹಾಕುವುದು, ರೋಗ ಕೇಳದೆ ಮದ್ದು ಕೊಟ್ಟಂತೆ.

ಬೆಣ್ಣೆಹಳ್ಳ ಉಕ್ಕಿದರೆ ಸುತ್ತು ಹಾಕಬೇಕಾದ, ಎರೆಯ ಹೊಲಗಳ ನಡುವೆ ಹರಿದಾರಿ ದೂರಕ್ಕೂ ನೆರಳು ಸಿಗದ ನಮ್ಮ ದಾರಿಗಳಲ್ಲಿ, ಲಾರಿಯ ಮೇಲಿರುವುದು ಹತ್ತಿ, ಉಳ್ಳಾಗಡ್ಡಿ, ಕಡಲೆ ಎಂಬ ಸರಕು ಮಾತ್ರವಲ್ಲ. ಅದು ಹತ್ತಾರು ಮನೆಗಳ ಒಂದು ವರ್ಷದ ದುಡಿಮೆ. ಪ್ಲಗ್ಗನ್ನು ಆರಿಸುವಾಗ ಇಂಜಿನ್ನಿನ ಕೈಪಿಡಿ ಒಂದು ಕಣ್ಣ ಮುಂದಿದ್ದರೆ, ಹೇರಿನ ಒಡೆಯರ ಮುಖ ಇನ್ನೊಂದು ಕಣ್ಣ ಮುಂದಿರಬೇಕು.

ಕಳೆದ ವರ್ಷ ನಾನು ಬಗೆಬಗೆಯ ಹಳೆಯ ಪ್ಲಗ್‌ಗಳನ್ನು ಒಂದು ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ಒಂದೊಂದರ ಕೆಳಗೂ ಅದರ ಲಕ್ಷಣವನ್ನು ಬರೆದು, ನಮ್ಮ ಶಾಲೆಯ ವಿಜ್ಞಾನ ಕೋಣೆಗೆ ಒಪ್ಪಿಸಿದ್ದೇನೆ. ಕಂದು ಬಣ್ಣದ್ದು, ಮಸಿ ಹಿಡಿದದ್ದು, ಎಣ್ಣೆ ಕುಡಿದದ್ದು, ಬೆಂದದ್ದು ಎಲ್ಲವೂ ಅದರಲ್ಲಿವೆ. ಕೊನೆಯ ಸಾಲಿನಲ್ಲಿ ಅಂದಿನ ನಕಲು ಪ್ಲಗ್ಗೂ ಅಸಲು ಪ್ಲಗ್ಗೂ ಜೊತೆಜೊತೆಗೆ ಇವೆ. ಅವೆರಡರ ಕೆಳಗೆ ಏನನ್ನೂ ಬರೆದಿಲ್ಲ. ಯಾವುದು ಯಾವುದೆಂದು ಮಕ್ಕಳು ತಾವೇ ಮೀಟರ್ ಹಿಡಿದು ಕಂಡುಕೊಳ್ಳಲಿ ಎಂಬುದು ನನ್ನ ಆಶೆ.