ಲೈನಾ ಅಂಗಣದ ನಿಷ್ಠಾವಂತರು

ಹಾಕಿ ಎಂದೊಡನೆ ಭಾರತದ ಶಾಲಾಮಕ್ಕಳ ಕಣ್ಣಮುಂದೆ ನಿಲ್ಲುವುದು ಹಸಿರು ಮೈದಾನ, ಬಾಗಿದ ಕೋಲು, ಧ್ಯಾನ್‌ಚಂದರ ಹೆಸರು. ಅಮೆರಿಕದ ಉತ್ತರ ರಾಜ್ಯಗಳಲ್ಲಿ ಅದೇ ಶಬ್ದಕ್ಕೆ ಅರ್ಥ ಬೇರೆ. ಅಲ್ಲಿ ಹಾಕಿಯೆಂದರೆ ಮಂಜುಗಡ್ಡೆಯ ಮೇಲಿನ ಆಟ. ಚೆಂಡಿನ ಬದಲು ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ. ಓಟದ ಬದಲು ಉಕ್ಕಿನ ಅಲಗು ಕಟ್ಟಿದ ಪಾದರಕ್ಷೆಗಳ ಮೇಲೆ ಜಾರುವ ವೇಗ. ಗೋಲುರಕ್ಷಕನೂ ಸೇರಿ ಒಂದೊಂದು ಪಕ್ಷಕ್ಕೆ 6 ಮಂದಿ, 20 ನಿಮಿಷಗಳ 3 ಅವಧಿಗಳು. ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟುವ ನಾಡಿನಲ್ಲಿ ಹುಟ್ಟಿ ಬೆಳೆದ ಆಟವಿದು.

ಈ ಆಟಕ್ಕೆ ಅಲ್ಲಿ ವೃತ್ತಿಪರ ತಂಡಗಳಿವೆ, ಕೋಟಿಗಟ್ಟಲೆ ಹಣದ ವ್ಯವಹಾರವಿದೆ. ಆದರೆ ಅದರ ಬದಿಯಲ್ಲೇ ಕಾಲೇಜುಗಳ ಹಾಕಿ ಎಂಬ ಬೇರೊಂದು ಲೋಕವೂ ಇದೆ. 1948ರಿಂದ ಅದಕ್ಕೊಂದು ರಾಷ್ಟ್ರೀಯ ಪ್ರಶಸ್ತಿ ಇದೆ. ಶರತ್ಕಾಲದಿಂದ ಫೆಬ್ರವರಿಯವರೆಗೆ ನಡೆಯುವ ಸಾಲು ಪಂದ್ಯಗಳ ಬಳಿಕ, ಈಚಿನ ಪದ್ಧತಿಯಂತೆ, 16 ತಂಡಗಳು ಅಂತಿಮ ಪಂದ್ಯಾವಳಿಗೆ ಆಯ್ಕೆಯಾಗುತ್ತವೆ. ಅಲ್ಲಿ ಒಮ್ಮೆ ಸೋತವರಿಗೆ ಮರುವಿಚಾರಣೆಯಿಲ್ಲ, ಮೇಲ್ಮನವಿಯಿಲ್ಲ. ಕೊನೆಗೆ ಉಳಿಯುವ ನಾಲ್ಕು ತಂಡಗಳ ಸುತ್ತಿಗೆ ‘ಫ್ರೋಜನ್ ಫೋರ್’ ಎಂದು ಹೆಸರು. ಆ ನಾಲ್ಕರಲ್ಲಿ ತಮ್ಮ ಕಾಲೇಜಿನ ಹೆಸರನ್ನು ಕಾಣುವುದು ಸಾವಿರಾರು ಕುಟುಂಬಗಳ ವಾರ್ಷಿಕ ಹಂಬಲ. ಆ ಹಂಬಲವನ್ನು ಬಹುಕಾಲದಿಂದ ಹೊತ್ತು ಬಂದವರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಅಭಿಮಾನಿಗಳು ಪ್ರಮುಖರು.

ಕಾರ್ನೆಲ್ ಇರುವುದು ನ್ಯೂಯಾರ್ಕ್ ರಾಜ್ಯದ ಇಥಾಕಾ ಎಂಬ ಊರಿನಲ್ಲಿ. ನ್ಯೂಯಾರ್ಕ್ ಎಂದಾಗ ಗಗನಚುಂಬಿ ಕಟ್ಟಡಗಳನ್ನು ನೆನೆಯುವವರು ಇಲ್ಲಿ ಆ ಚಿತ್ರವನ್ನು ಬದಿಗಿಡಬೇಕು. ಮಹಾನಗರದಿಂದ ಗಂಟೆಗಳ ಪ್ರಯಾಣದ ದೂರದಲ್ಲಿ, ಕಯೂಗಾ ಸರೋವರದ ದಕ್ಷಿಣ ತುದಿಯಲ್ಲಿ, ಗುಡ್ಡಗಳ ನಡುವೆ ಇರುವ ಸಣ್ಣ ಪಟ್ಟಣವದು. 1865ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ, ವಿಜ್ಞಾನಗಳ ಜೊತೆಗೆ ಕೃಷಿಗೂ ಮೊದಲಿನಿಂದಲೇ ಗೌರವದ ಸ್ಥಾನ. 1957ರಲ್ಲಿ ಅಲ್ಲಿ ಲೈನಾ ರಿಂಕ್ ಎಂಬ ಮಂಜಿನ ಅಂಗಣ ತೆರೆಯಿತು. ಅದರಲ್ಲಿ ಕುಳಿತುಕೊಳ್ಳಬಲ್ಲವರು ನಾಲ್ಕು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಅಷ್ಟೆ. ಆ ಪುಟ್ಟ ಅಂಗಣವನ್ನು ಬಿಡದೆ ತುಂಬುವ ಪ್ರೇಕ್ಷಕರಿಗೆ ಒಂದು ಹೆಸರಿದೆ: ಲೈನಾದ ನಿಷ್ಠಾವಂತರು.

ಈ ನಿಷ್ಠೆಗೆ ತನ್ನದೇ ಆದ ವಿಧಿಗಳಿವೆ. ಎದುರು ಪಕ್ಷದ ಆಟಗಾರರ ಹೆಸರುಗಳನ್ನು ಧ್ವನಿವರ್ಧಕದಲ್ಲಿ ಓದುವಾಗ ವಿದ್ಯಾರ್ಥಿಗಳು ದಿನಪತ್ರಿಕೆಗಳನ್ನು ಬಿಡಿಸಿ ಮುಖದ ಮುಂದೆ ಹಿಡಿಯುತ್ತಾರೆ. ಬಂದವರ ಹೆಸರಿಗಿಂತ ಇಂದಿನ ಸುದ್ದಿಯೇ ಮೇಲೆಂಬ ಭಾವ. ಕಾರ್ನೆಲ್ ತಂಡದ ಬಣ್ಣ ಕೆಂಪು. ಅಮೆರಿಕದ ರಾಷ್ಟ್ರಗೀತೆಯಲ್ಲಿ ಕೆಂಪು ಎಂಬ ಅರ್ಥದ ಪದ ಬಂದಾಗ ಇಡೀ ಅಂಗಣ ಆ ಒಂದು ಪದವನ್ನು ಗಟ್ಟಿಯಾಗಿ ಕೂಗುತ್ತದೆ. ದನದ ಕೊರಳಗಂಟೆಯೊಂದು ತಾಳ ಹಿಡಿಯುತ್ತದೆ, ಸಾವಿರ ಕೈಗಳು ಅದಕ್ಕೆ ಉತ್ತರ ಕೊಡುತ್ತವೆ. ಎದುರಾಳಿ ಗೋಲುರಕ್ಷಕ ಒಂದು ಗೋಲು ಬಿಟ್ಟುಕೊಟ್ಟರೆ ಸಾಕು, ಅವನತ್ತ ಬೆರಳು ತೋರಿಸಿ ‘ಜರಡಿ, ಜರಡಿ’ ಎಂಬರ್ಥದ ಕೂಗು ಏಳುತ್ತದೆ. ಇವುಗಳಲ್ಲಿ ಕೆಲವು ಸಭ್ಯತೆಯ ಗಡಿಯನ್ನು ದಾಟುವುದೂ ಉಂಟು. ಆದರೂ ಇವನ್ನು ಯಾವ ಪಠ್ಯಪುಸ್ತಕವೂ ಕಲಿಸಿಲ್ಲ. ಹಿರಿಯ ವಿದ್ಯಾರ್ಥಿಯ ಪಕ್ಕ ನಿಂತ ಕಿರಿಯನು ಕೇಳಿ ಕಲಿಯುತ್ತಾನೆ, ನಾಲ್ಕು ವರ್ಷಗಳ ಬಳಿಕ ಇನ್ನೊಬ್ಬನಿಗೆ ದಾಟಿಸಿ ಹೋಗುತ್ತಾನೆ.

ನಿಷ್ಠೆ ಇದ್ದಲ್ಲಿ ವೈರವೂ ಇರುತ್ತದೆ. ಕಾರ್ನೆಲ್ಲಿಗೆ ಸಾಂಪ್ರದಾಯಿಕ ಎದುರಾಳಿ ಹಾರ್ವರ್ಡ್. 1970ರ ದಶಕದ ಆರಂಭದಲ್ಲಿ ಹಾರ್ವರ್ಡ್ ಕಡೆಯವರು ಕಾರ್ನೆಲ್ಲನ್ನು ಹಳ್ಳಿಗರ ಕೃಷಿಶಾಲೆಯೆಂದು ಹಂಗಿಸಲು ಕಾರ್ನೆಲ್ ಗೋಲುರಕ್ಷಕನ ಕಡೆಗೆ ಕೋಳಿಯೊಂದನ್ನು ಎಸೆದರೆಂದು ಪ್ರತೀತಿ. ಕಡಲತೀರದ ಬೋಸ್ಟನ್ನಿನ ನೆರೆಯವರಾದ ಹಾರ್ವರ್ಡಿನವರಿಗೆ ಕಾರ್ನೆಲ್ಲಿನವರು ಕೊಟ್ಟ ಉತ್ತರ ಮೀನು. ಅಂದಿನಿಂದ ಹಾರ್ವರ್ಡ್ ತಂಡ ಲೈನಾಕ್ಕೆ ಬಂದಾಗಲೆಲ್ಲ ಅಂಗಿಯೊಳಗೆ ಅಡಗಿಸಿ ತಂದ ಮೀನುಗಳು ಮಂಜಿನ ಮೇಲೆ ಬೀಳುತ್ತವೆ. ಅಂಗಣದ ಅಧಿಕಾರಿಗಳು ಎಚ್ಚರಿಸುತ್ತಾರೆ. ಪಂದ್ಯ ತಡವಾದರೆ ಶಿಕ್ಷೆ ಸ್ವಂತ ತಂಡಕ್ಕೇ ಬೀಳಬಹುದೆಂದು ತಿಳಿಹೇಳುತ್ತಾರೆ. ಮೀನು ಮಾತ್ರ ತಪ್ಪುವುದಿಲ್ಲ. ಇದರಲ್ಲಿ ಹುಡುಗಾಟವಿದೆ, ನಿಜ. ಆದರೆ ಮೂಲದಲ್ಲಿ ಇರುವುದು ಹಂಗಿಸಲ್ಪಟ್ಟವರ ಸ್ವಾಭಿಮಾನ. ಹೊಲದ ಕೆಲಸವನ್ನು ಕಲಿಸುವುದು ನಾಚಿಕೆಯ ಸಂಗತಿಯಲ್ಲವೆಂದು ವಾದಿಸುವ ಬದಲು ಅವರು ನಗುತ್ತಲೇ ಲೆಕ್ಕ ಚುಕ್ತಾ ಮಾಡಿದರು. ಇನ್ನೊಂದು ವಿಚಿತ್ರವೂ ಇದೆ. ಕಾರ್ನೆಲ್ ತಂಡ ಹಾರ್ವರ್ಡಿನ ಅಂಗಣಕ್ಕೆ ಆಡಲು ಹೋದಾಗ ಅಲ್ಲಿ ಕೆಂಪು ಅಂಗಿಯವರೇ ತುಂಬಿರುತ್ತಾರೆ. ಓದು ಮುಗಿಸಿ ಊರು ಬಿಟ್ಟು ಬೋಸ್ಟನ್ನಿನ ಸುತ್ತ ನೆಲೆಸಿದವರು, ಅವರ ಮಕ್ಕಳು. ಅವರು ಆ ಪರಸ್ಥಳಕ್ಕೆ ಇಟ್ಟ ಹೆಸರು ‘ಪೂರ್ವದ ಲೈನಾ’. ಗಡಿಯ ಆಚೆ ನೆಲೆಸಿದ ಜನರಿಗೆ ಈ ಹೆಸರಿನ ಭಾವವನ್ನು ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ನಿಷ್ಠೆಗೆ ದೊರೆತ ಫಲವೇನು? ಕಾರ್ನೆಲ್ ಪುರುಷರ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು ಎರಡು ಬಾರಿ. ಮೊದಲನೆಯದು 1967ರಲ್ಲಿ. ಆಗ ಗೋಲು ಕಾದವನು ಕೆನಡಾದಿಂದ ಬಂದ ಕೆನ್ ಡ್ರೈಡನ್. 1964ರಲ್ಲೇ ವೃತ್ತಿಪರ ತಂಡದ ಆಯ್ಕೆಪಟ್ಟಿಯಲ್ಲಿ ಅವನ ಹೆಸರಿತ್ತು. ಆದರೂ ಅವನು ಮೊದಲು ಕಾಲೇಜು ಓದುವೆನೆಂದು ಇಥಾಕಾಕ್ಕೆ ಬಂದು ಇತಿಹಾಸ ಓದಿದನು. ಕಾರ್ನೆಲ್ ಸೇರಿರುವ ಐವಿ ಲೀಗ್ ಎಂಬ ಕೂಟದ ವಿದ್ಯಾಲಯಗಳು ಆಟದ ಪ್ರತಿಭೆಗೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ. ಆಟಗಾರನೂ ಮೊದಲು ವಿದ್ಯಾರ್ಥಿಯೇ ಆಗಿರಬೇಕು. ಮೂರು ಋತುಗಳಲ್ಲಿ ಡ್ರೈಡನ್ 76 ಪಂದ್ಯಗಳನ್ನು ಗೆದ್ದನು, ಸೋತದ್ದು ನಾಲ್ಕೇ. ಆ ನಾಲ್ಕರಲ್ಲಿ ಒಂದು 1969ರ ಅಂತಿಮ ಪಂದ್ಯ. ಡೆನ್ವರ್ ತಂಡದೆದುರು 4–3ರ ಸೋಲು. ಮುಂದೆ ಅವನು ಮಾಂಟ್ರಿಯಲ್ ತಂಡಕ್ಕೆ ಆರು ಸ್ಟ್ಯಾನ್ಲಿ ಕಪ್‌ಗಳನ್ನು ಗಳಿಸಿಕೊಟ್ಟನು. ನಡುವೆ ಕಾನೂನು ಪದವಿಯನ್ನೂ ಪಡೆದು, ಖ್ಯಾತಿಯ ಶಿಖರದಲ್ಲಿದ್ದಾಗಲೇ ಒಂದು ಋತುವಿನ ಆಟವನ್ನು ಬಿಟ್ಟು ಟೊರಾಂಟೊದ ವಕೀಲರ ಕಚೇರಿಯೊಂದರಲ್ಲಿ ತರಬೇತಿಗೆ ಕುಳಿತನು. ಆ ಮೇಲೆ ಲೇಖಕನಾಗಿ, ಕೆನಡಾ ಸರಕಾರದ ಸಚಿವನಾಗಿ ಬಾಳಿ 2025ರ ಸೆಪ್ಟೆಂಬರಿನಲ್ಲಿ ನಿಧನ ಹೊಂದಿದನು.

ಡ್ರೈಡನ್ ಹೋದ ಮರುವರ್ಷ ಕಾರ್ನೆಲ್ ಕುಸಿಯಬೇಕಿತ್ತು. ನಡೆದದ್ದು ಬೇರೆ. ನೆಡ್ ಹಾರ್ಕ್‌ನೆಸ್ ತರಬೇತುಗೊಳಿಸಿದ 1969–70ರ ತಂಡ 29 ಪಂದ್ಯಗಳನ್ನು ಆಡಿತು, 29ನ್ನೂ ಗೆದ್ದಿತು. ಲೇಕ್ ಪ್ಲಾಸಿಡ್‌ನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಕ್ಲಾರ್ಕ್‌ಸನ್ ತಂಡದ ಎದುರು ರಕ್ಷಣಾ ಸಾಲಿನ ಡಾನ್ ಲೊಡ್ಬೋವಾ ಕೊನೆಯ ಅವಧಿಯೊಂದರಲ್ಲೇ ಮೂರು ಗೋಲು ಹೊಡೆದನು, ಫಲಿತಾಂಶ 6–4. ಸೋಲೂ ಇಲ್ಲದ, ಸಮಬಲವೂ ಇಲ್ಲದ ಅಂಥ ಋತುವನ್ನು ಆ ಮೊದಲು ಯಾವ ಪ್ರಶಸ್ತಿವಿಜೇತ ತಂಡವೂ ಕಂಡಿರಲಿಲ್ಲ.

ಅಂದು 18ರ ವಯಸ್ಸಿನ ಒಬ್ಬ ವಿದ್ಯಾರ್ಥಿ ಆ ಗೆಲುವನ್ನು ಕಂಡು ಕುಣಿದಿದ್ದನೆಂದು ಊಹಿಸಿಕೊಳ್ಳಬಹುದು. ಮುಂದಿನ ವರ್ಷವೂ ಹೀಗೆಯೇ ಆದೀತೆಂದು ಅವನು ನಂಬಿದ್ದರೆ ತಪ್ಪೇನಿಲ್ಲ. 2003ರಲ್ಲಿ, ಅವನಿಗೆ 51 ತುಂಬಿದಾಗ, ಕಾರ್ನೆಲ್ ಫ್ರೋಜನ್ ಫೋರ್ ತಲಪಿ ನ್ಯೂ ಹ್ಯಾಂಪ್‌ಶೈರ್ ತಂಡಕ್ಕೆ 3–2ರಿಂದ ಸೋತಿತು. 2006ರಲ್ಲಿ ವಿಸ್ಕಾನ್ಸಿನ್ ಎದುರು ನಿಗದಿತ ಸಮಯ ಮುಗಿದು, ಎರಡು ಹೆಚ್ಚುವರಿ ಅವಧಿಗಳೂ ಗೋಲಿಲ್ಲದೆ ಕಳೆದು, ಮೂರನೆಯದರಲ್ಲಿ ಬಿದ್ದ ಒಂದೇ ಗೋಲಿಗೆ ಋತು ಮುಗಿಯಿತು. 2010ರಲ್ಲಿ ಮಹಿಳೆಯರ ತಂಡವೂ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಮಿನ್ನೆಸೋಟಾ ಡುಲುತ್ ಎದುರು ಮೂರನೆಯ ಹೆಚ್ಚುವರಿ ಅವಧಿಯಲ್ಲೇ 3–2ರಿಂದ ಸೋತಿತು. ಅತ್ತ ಮಗಳು ಕಾಲೇಜಿಗೆ ಹೋಗಿರಬಹುದು, ಇತ್ತ ಅವನ ತಲೆ ನರೆತಿರಬಹುದು. ಅಂಗಣದ ಆಸನ ಮಾತ್ರ ಅದೇ.

ಆ ಬಳಿಕ 2020 ಬಂದಿತು. 1970ರ ಗೆಲುವಿಗೆ ಸರಿಯಾಗಿ 50 ವರ್ಷ. ಕಾರ್ನೆಲ್ ಪುರುಷರು ಆ ಋತುವಿನಲ್ಲಿ 23 ಪಂದ್ಯಗಳನ್ನು ಗೆದ್ದು, ಎರಡನ್ನಷ್ಟೇ ಸೋತು, ನಾಲ್ಕನ್ನು ಸಮಬಲದಲ್ಲಿ ಮುಗಿಸಿ ದೇಶದ ಮೊದಲ ಸ್ಥಾನದಲ್ಲಿದ್ದರು. ಮಹಿಳೆಯರ ತಂಡವೂ ಮೊದಲ ಸ್ಥಾನದಲ್ಲೇ ಇತ್ತು. ಅರ್ಧ ಶತಮಾನದ ಕಾಯುವಿಕೆಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಕೂಡಿಬರುವುದು ಕಷ್ಟ. ಮಾರ್ಚ್ 12ರಂದು, ಕೊರೊನಾ ಹಬ್ಬುತ್ತಿದ್ದಂತೆ, ರಾಷ್ಟ್ರೀಯ ಪಂದ್ಯಾವಳಿಗಳೆಲ್ಲ ರದ್ದಾದವು. ಆ ವರ್ಷಕ್ಕೆ ವಿಜೇತರೆಂಬವರೇ ಇಲ್ಲ. ಸೋತಿದ್ದರೆ ದುಃಖಕ್ಕೊಂದು ರೂಪವಿರುತ್ತಿತ್ತು: ಯಾರೋ ಬಿಟ್ಟ ಗೋಲು, ಯಾರದೋ ತಪ್ಪು ಹೆಜ್ಜೆ. ಇಲ್ಲಿ ಅದಕ್ಕೂ ಆಸ್ಪದವಿರಲಿಲ್ಲ. ಸಾಕ್ಷ್ಯ ಸಿದ್ಧವಿದ್ದು, ಪಕ್ಷಗಾರರು ಹಾಜರಿದ್ದು, ವಿಚಾರಣೆಯೇ ನಡೆಯದೆ ಮುಚ್ಚಿಹೋದ ದಾವೆಯಂತೆ ಆ ಋತು ಕಡತ ಸೇರಿತು. ಮರುವರ್ಷ ಐವಿ ಲೀಗ್ ಚಳಿಗಾಲದ ಆಟಗಳನ್ನೇ ಕೈಬಿಟ್ಟಿತು; ಒಂದಿಡೀ ಋತು ಲೈನಾದಲ್ಲಿ ಪಂದ್ಯಗಳೇ ಇರಲಿಲ್ಲ.

ಆ ಮಾರ್ಚ್ ತಿಂಗಳು ಗಡಿನಾಡಿನ ಕನ್ನಡ ಶಾಲೆಗಳ ಮನೆಗಳಿಗೂ ಮರೆಯುವಂತಹದಲ್ಲ. ಕೇರಳದಲ್ಲಿ ಎಸ್ಸೆಸ್ಸೆಲ್ಸಿಯ ಉಳಿದ ಪರೀಕ್ಷೆಗಳು ಮೇ ಕೊನೆಯವರೆಗೆ ಮುಂದಕ್ಕೆ ಹೋದವು. ತಮಿಳುನಾಡಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನೇ ಜೂನ್‌ನಲ್ಲಿ ರದ್ದುಪಡಿಸಿ, ತ್ರೈಮಾಸಿಕ ಮತ್ತು ಅರ್ಧವಾರ್ಷಿಕ ಅಂಕಗಳನ್ನೂ ಹಾಜರಿಯನ್ನೂ ನೋಡಿ ಎಲ್ಲರನ್ನೂ ತೇರ್ಗಡೆ ಮಾಡಲಾಯಿತು. ಓದದೆ ಇದ್ದವರಿಗೆ ಅದು ನಿರಾಳ. ಬೆಳಗಿನ ಜಾವ ಎದ್ದು ಓದಿದ ಮಗುವಿಗೆ, ದೀಪ ಹಚ್ಚಿಟ್ಟು ಎದುರು ಕುಳಿತ ತಾಯಿಗೆ, ಕೈಗೆ ಬಂದ ಆ ತೇರ್ಗಡೆಯಲ್ಲಿ ಏನೋ ಒಂದು ಕೊರತೆ ಉಳಿದೇ ಉಳಿಯಿತು. ತಾನು ಎಷ್ಟು ಬರೆಯಬಲ್ಲೆನೆಂಬುದು ಆ ಮಗುವಿಗೆ ಇನ್ನೆಂದೂ ತಿಳಿಯುವಂತಿಲ್ಲ. ಇಥಾಕಾದ ಆಟಗಾರರ ಅಳಲೂ ಇಂತಹದೇ. ಹಾಗೆಂದು ಓದಿದ್ದು ವ್ಯರ್ಥವಾಯಿತೆ? ಮರುವರ್ಷದ ತರಗತಿಯಲ್ಲಿ ಆ ಮಗುವಿಗೆ ಆಸರೆಯಾದದ್ದು ಅಂಕಪಟ್ಟಿಯಲ್ಲ, ಆ ಬೆಳಗಿನ ಓದು.

ಅಭಿಮಾನವನ್ನೂ ಹೀಗೆ ನೋಡಬೇಕಾಗುತ್ತದೆ. ಗೆಲುವಿನ ಲೆಕ್ಕದಲ್ಲಿ ಹಲವು ಪ್ರಶಸ್ತಿಗಳ ಡೆನ್ವರ್ ಕಾರ್ನೆಲ್ಲಿಗಿಂತ ಎಷ್ಟೋ ಮುಂದಿದೆ. ಗೆದ್ದವರ ಹಿಂದೆ ಹೋಗುವುದು ಸುಲಭ. ಆದರೆ ಕಾಲೇಜಿನ ಅಭಿಮಾನಿ ತಂಡವನ್ನು ಸಂತೆಯಲ್ಲಿ ಆರಿಸಿಕೊಂಡವನಲ್ಲ. ಅವನು ಓದಿದ್ದು ಅಲ್ಲಿ, ಅಥವಾ ಅವನ ತಂದೆ ಓದಿದ್ದು ಅಲ್ಲಿ. ಪ್ರಶಸ್ತಿ ಬಂದರೆ ಸಂತೋಷ. ಬಾರದಿದ್ದರೆ ತನ್ನದು ತನ್ನದಲ್ಲವೆಂದು ಹೇಳಲು ಬರುವುದಿಲ್ಲ. ಮಗುವನ್ನು ದೂರದ ದೊಡ್ಡ ಶಾಲೆಯ ವಾಹನಕ್ಕೆ ಹತ್ತಿಸದೆ, ತಾವು ಕಲಿತ ಊರಿನ ಕನ್ನಡ ಶಾಲೆಗೇ ಸೇರಿಸಿದ ತಂದೆತಾಯಿಗಳು ಇದನ್ನು ಬಲ್ಲರು. ಅವರಿಗೂ ಫಲಿತಾಂಶದ ದಿನ ಎದೆ ಬಡಿದುಕೊಳ್ಳುತ್ತದೆ. ಆದರೆ ಶಾಲೆಯ ಮೇಲಿನ ಪ್ರೀತಿ ಆ ದಿನದ ಪಟ್ಟಿಗಾಗಿ ಕಾದು ಹುಟ್ಟಿದ್ದಲ್ಲ.

2025ರ ಮಾರ್ಚ್‌ನಲ್ಲಿ ಮತ್ತೊಮ್ಮೆ ಆಸೆ ಚಿಗುರಿತು. ಲೈನಾದಲ್ಲೇ ವಿದ್ಯಾರ್ಥಿಯಾಗಿ ಆಡಿ, 1995ರಿಂದ ತಂಡದ ತರಬೇತುದಾರನಾಗಿದ್ದ ಮೈಕ್ ಶೇಫರ್‌ಗೆ ಅದು ನಿವೃತ್ತಿಯ ಋತು. ಬಲಿಷ್ಠ ಮಿಷಿಗನ್ ಸ್ಟೇಟ್ ತಂಡವನ್ನು ಕಾರ್ನೆಲ್ ಕೊನೆಯ ಕ್ಷಣಗಳ ಗೋಲಿನಿಂದ 4–3ಕ್ಕೆ ಸೋಲಿಸಿತು. ಫ್ರೋಜನ್ ಫೋರ್‌ಗೆ ಇನ್ನೊಂದೇ ಹೆಜ್ಜೆ. ಬೋಸ್ಟನ್ ವಿಶ್ವವಿದ್ಯಾಲಯದೆದುರು ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ 3–2ರಿಂದ ಕೈತಪ್ಪಿತು. ಆ ವರ್ಷ ಕೊನೆಗೆ ಗೆದ್ದದ್ದು ವೆಸ್ಟರ್ನ್ ಮಿಷಿಗನ್, ತನ್ನ ಚರಿತ್ರೆಯಲ್ಲಿ ಮೊದಲ ಬಾರಿ. ಎಂದೂ ಗೆಲ್ಲದವರೂ ಗೆಲ್ಲಬಲ್ಲರೆಂಬುದು ಸೋತವರಿಗೆ ಸಣ್ಣ ಸಮಾಧಾನವಲ್ಲ.

ಪ್ರತಿ ಶರತ್ಕಾಲದಲ್ಲಿ ಇಥಾಕಾದ ಮರಗಳು ಎಲೆ ಉದುರಿಸುವ ಹೊತ್ತಿಗೆ ಲೈನಾದಲ್ಲಿ ಮಂಜು ಹಾಸಲಾಗುತ್ತದೆ. ಹೊಸದಾಗಿ ಸೇರಿದ ಮಕ್ಕಳು ಕೆಂಪು ಅಂಗಿ ತೊಟ್ಟು ಒಳಬರುತ್ತಾರೆ. ಎದುರು ಪಕ್ಷದ ಹೆಸರುಗಳನ್ನು ಓದಲು ತೊಡಗಿದಾಗ ಅವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಪಕ್ಕದಲ್ಲಿರುವ ಹಿರಿಯನೊಬ್ಬ ತನ್ನ ಕೈಯ ದಿನಪತ್ರಿಕೆಯ ಅರ್ಧ ಹಾಳೆಯನ್ನು ಬಿಡಿಸಿ ಅವರತ್ತ ಚಾಚುತ್ತಾನೆ.