ಗುಂಡಿಗಳ ಫೋನು

ನನ್ನ ಊರು ಜಡೆ. ಹೆಸರು ಕೇಳಿದೊಡನೆ ಹೊಸಬರು ನಗುತ್ತಾರೆ, ಮುಡಿಗೂ ಊರಿಗೂ ಏನು ಸಂಬಂಧವೆನ್ನುತ್ತಾರೆ. ಸೊರಬ ತಾಲ್ಲೂಕಿನ ಒಂದು ಹೋಬಳಿ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಕಳೆದ ದಸರೆಯ ರಜೆಯಲ್ಲಿ ಅಲ್ಲಿಯ ಮನೆಯ ಕಪಾಟು ಬರಿದುಮಾಡುತ್ತಿದ್ದಾಗ ನನ್ನ ಹಳೆಯ ಫೋನೊಂದು ಕೈಗೆ ಸಿಕ್ಕಿತು. ಅದರಡಿಯಲ್ಲಿ ಅಪ್ಪಯ್ಯನ ಒಂದು ನೋಟುಪುಸ್ತಕ. ಫೋನಿನ ಮಾತನ್ನು ಮೊದಲು ಹೇಳಿಬಿಡುತ್ತೇನೆ, ಅದು ಸುಲಭ.

ಈಗಿನ ಹುಡುಗರಿಗೆ ಇಂಥ ಫೋನು ಗೊತ್ತಿರಲಾರದು. ಮುಖದಲ್ಲಿ ಅರ್ಧ ಗಾಜು, ಉಳಿದರ್ಧ ಗುಂಡಿ. 2008ರಲ್ಲಿ ಬಂದ ಬ್ಲ್ಯಾಕ್‌ಬೆರಿ ಬೋಲ್ಡ್, ಅದೇ ವರ್ಷದ ನೋಕಿಯಾ ಇ71 ಈ ಜಾತಿಯಲ್ಲಿ ಕುಲೀನರು. ಬೋಲ್ಡಿನ ಗುಂಡಿಸಾಲುಗಳ ನಡುವೆ ಗಿಟಾರಿನ ಮೆಟ್ಟಿಲುಗಳಂತೆ ಲೋಹದ ಪಟ್ಟಿಗಳು, ಬೆನ್ನಿಗೆ ತೊಗಲಿನಂಥ ಹೊದಿಕೆ. ಇ71ಕ್ಕೆ ಉಕ್ಕಿನ ಮೈ. ಜೊತೆಗೆ, ಸಂಜೆಯಾದೊಡನೆ ಕಚೇರಿಯ ಮುಖ ಕಳಚಿಟ್ಟು ಮನೆಯ ಮುಖ ತೊಡುವ ಏರ್ಪಾಡು. ಈ ಸೌಕರ್ಯ ಪ್ರಾಂಶುಪಾಲರಿಗೂ ಇದ್ದಿದ್ದರೆ ಎಂದು ನಾವು ಅಧ್ಯಾಪಕರು ಹಾರೈಸಿದ್ದುಂಟು.

ನಾನು 2011ರಲ್ಲಿ ಕೊಂಡದ್ದು ಇದೇ ಬಗೆಯ ಇನ್ನೊಂದು, ಬೇರೊಬ್ಬರು ಬಳಸಿ ಬಿಟ್ಟದ್ದು. ಹೆಸರು ಬೇಡ. ಅದರ ಕ್ಯಾಮೆರಾದಲ್ಲಿ ಎಲ್ಲರೂ ಮಂಜಿನಲ್ಲಿ ನಿಂತವರಂತೆ ಕಾಣುತ್ತಿದ್ದರು. ಆದರೆ ಆ ಗುಂಡಿಗಳು! ಒಂದೊಂದಕ್ಕೂ ಸಣ್ಣದೊಂದು ಉಬ್ಬು. ಹೆಬ್ಬೆರಳಿಗೆ ತನ್ನ ಜಾಗ ತಾನೇ ಗೊತ್ತು. ತುಂಬಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ, ಕಣ್ಣು ಕಿಟಕಿಯಾಚೆ ಇರುವಾಗಲೇ ಸಂದೇಶ ಬರೆದು ಮುಗಿಸುತ್ತಿದ್ದೆ. ಒತ್ತಿದರೆ ಒತ್ತಿದೆನೆಂದು ಬೆರಳಿಗೆ ತಿಳಿಯುತ್ತಿತ್ತು. ಈಗಿನ ಗಾಜಿನ ಹಲಗೆಗೆ ಆ ಮರ್ಯಾದೆ ಇಲ್ಲ.

ಆ ಗುಂಡಿಗಳ ಮೇಲೆ ಕನ್ನಡ ಇರಲಿಲ್ಲ, ಒಳಗೂ ಇರಲಿಲ್ಲ. ಜಾಗ ಸಾಲದೆ ಅಲ್ಲ. ಕೆ. ಪಿ. ರಾವ್ ಅವರು ಇಂಗ್ಲಿಷಿನ ಇಪ್ಪತ್ತಾರು ಗುಂಡಿಗಳಲ್ಲೇ ನಮ್ಮ ಇಡೀ ವರ್ಣಮಾಲೆಯನ್ನು ಕೂರಿಸಿದ್ದರು. ಅರ್ಧಾಕ್ಷರಕ್ಕೊಂದು ಗುಂಡಿ ಕೊಟ್ಟು ಒತ್ತಕ್ಷರಗಳ ಹಿಂಡನ್ನೇ ಪಳಗಿಸಿದ್ದರು. ಕಾಲೇಜಿನ ಗಣಕದಲ್ಲಿ ‘ನುಡಿ’ ತಂತ್ರಾಂಶದಿಂದ ನಾನೇ ದಿನವೂ ಹಾಗೆ ಬರೆಯುತ್ತಿದ್ದೆ. ‘ಜಡೆ’ ಎನ್ನಲು ಮೂರೇ ಒತ್ತು: ಜೆ, ಡಬ್ಲ್ಯು, ಇ. ಜೇಬಿನ ಯಂತ್ರಕ್ಕೆ ಮಾತ್ರ ಆ ವಿದ್ಯೆ ಬಂದಿರಲಿಲ್ಲ. ಹೀಗಾಗಿ ತರಗತಿಯಲ್ಲಿ ಕೇಶಿರಾಜನ ವ್ಯಾಕರಣ ಹೇಳಿ ಹೊರಬಂದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಗೀಚುವ ಕನ್ನಡ ಮೇಷ್ಟರಾದೆ. ಹ್ರಸ್ವವಿಲ್ಲ, ದೀರ್ಘವಿಲ್ಲ; ಲಕಾರ ಳಕಾರಗಳು ಒಂದೇ ಹಾಸಿಗೆಯಲ್ಲಿ.

ಅಪ್ಪಯ್ಯ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿ ನಿವೃತ್ತರಾದವರು. ಅಮ್ಮ ತೀರಿಕೊಂಡ ಮೇಲೆ ಊರಿನಲ್ಲಿ ಒಬ್ಬರೇ ಇದ್ದರು. ಕಿವಿ ಮಂದ, ಫೋನಿನಲ್ಲಿ ಮಾತು ಕೇಳಿಸದು. ಸಂದೇಶವಾದರೆ ನಿಧಾನವಾಗಿ ಓದಿಕೊಳ್ಳುತ್ತಾರಲ್ಲ ಎಂದು ನಾನು ಶಿವಮೊಗ್ಗದಿಂದ ಬರೆಯುತ್ತಿದ್ದೆ. ಅವರಿಗೆ ಓದಲು ಬರುತ್ತಿತ್ತು, ಮರಳಿ ಬರೆಯಲು ಬರುತ್ತಿರಲಿಲ್ಲ. ಊರಿಗೆ ಹೋದಾಗ ಒಮ್ಮೆ ನನ್ನ ಫೋನನ್ನು ಅಂಗೈಯಲ್ಲಿಟ್ಟು, ಕನ್ನಡಕ ಮೇಲೇರಿಸಿ ನೋಡಿ, “ಕೆಲಸಗಾರಿಕೆ ಚೆನ್ನಾಗಿದೆ ಕಣೋ. ನಮ್ಮ ಸೊರಬದ ಗುಡಿಗಾರರು ಕೆತ್ತಿದ ಹಾಗಿದೆ. ಇದರಲ್ಲಿ ನಮ್ಮ ಅಕ್ಷರ ಯಾವ ಕಡೆ?” ಎಂದರು. ನಾನು ನಕ್ಕೆ.

ನೋಟುಪುಸ್ತಕದಲ್ಲಿದ್ದುದು ನನ್ನ ಸಂದೇಶಗಳು. ಒಂದೊಂದನ್ನೂ ತಾರೀಖು ಹಾಕಿ, ಕಾಪಿಪುಸ್ತಕದ ದುಂಡಕ್ಷರದಲ್ಲಿ ಕನ್ನಡಕ್ಕೆ ಇಳಿಸಿದ್ದರು. ಅನುಮಾನ ಬಂದಲ್ಲಿ ಎರಡನ್ನೂ ಬರೆದು ಒಂದನ್ನು ಹೊಡೆದುಹಾಕಿದ್ದರು: ‘ನಾನು ಬಂದೆ / ಬಂಡೆ’. ‘ಹೆಸರುಕಾಲು / ಕಾಳು ತಂದಿದ್ದೇನೆ’. ಕೆಂಪು ಶಾಯಿ! ನಲವತ್ತು ದಾಟಿದ ನಾನು ಕಪಾಟಿನ ಮುಂದೆ ಕುಳಿತು ನಕ್ಕೆ. ಮೂರನೆಯ ತರಗತಿಯಲ್ಲಿ ಅವರಿಂದ ತಿದ್ದಿಸಿಕೊಂಡ ಉಕ್ತಲೇಖನ ಹೀಗೆಯೇ ಇರುತ್ತಿತ್ತು.

ಹಾಳೆ ಮಗುಚಿದಾಗ 2013ರ ಒಂದು ಸಾಲು ಸಿಕ್ಕಿತು. ಆ ಭಾನುವಾರ ಅವರ ಕಣ್ಣಿನ ಶಸ್ತ್ರಚಿಕಿತ್ಸೆಯಿತ್ತು. ನಾನು ಬರಬೇಕೇ ಎಂದು ಕೇಳಿ ಹಿಂದಿನ ವಾರ ಸಂದೇಶ ಕಳಿಸಿದ್ದೆ. ಪ್ರಶ್ನೆಯ ಚಿಹ್ನೆಗೆ ಎರಡು ಗುಂಡಿ ಸೇರಿಸಿ ಒತ್ತಬೇಕು, ಬಸ್ಸಿನಲ್ಲಿ ಒಂದೇ ಕೈ, ಬಿಟ್ಟಿದ್ದೆ. ಮರಳಿ ಬರೆಯಲು ಬಾರದವರೆಂಬುದು ಗೊತ್ತಿದ್ದೂ, ಬೇಕೆಂದಿದ್ದರೆ ಯಾರ ಕೈಲಾದರೂ ಹೇಳಿಸುತ್ತಿದ್ದರೆಂದು ನನ್ನನ್ನು ನಾನೇ ಒಪ್ಪಿಸಿಕೊಂಡು, ಉತ್ತರಪತ್ರಿಕೆ ತಿದ್ದುತ್ತ ಉಳಿದುಬಿಟ್ಟೆ. ಪಕ್ಕದ ಮನೆಯವರು ಅವರನ್ನು ಕರೆದೊಯ್ದಿದ್ದರು. ಚಿಕಿತ್ಸೆ ಚೆನ್ನಾಗಿಯೇ ಆಯಿತು. ಆಮೇಲೆ ಆರು ವರ್ಷ ಬದುಕಿದ್ದರು. ಒಂದು ದಿನವೂ ಆ ಮಾತೆತ್ತಲಿಲ್ಲ.

ನೋಟುಪುಸ್ತಕದಲ್ಲಿ ಹೀಗಿದೆ: ‘ಭಾನುವಾರ ಬರಲೇ’. ಅದರ ಮುಂದೆ ಕೆಂಪು ಶಾಯಿಯಲ್ಲಿ: ‘ವಾಕ್ಯ ಪೂರ್ತಿಯಾಗಿಲ್ಲ. ಉಳಿದದ್ದು ಬರಬಹುದು.’

ಬ್ಲ್ಯಾಕ್‌ಬೆರಿಯವರು ತಮ್ಮ ಹಳೆಯ ಫೋನುಗಳ ಸೇವೆಯನ್ನು 2022ರ ಜನವರಿ 4ರಂದು ನಿಲ್ಲಿಸಿದರು. ನನ್ನದು ಅದಕ್ಕೂ ಎಷ್ಟೋ ಮೊದಲೇ ಕಣ್ಣುಮುಚ್ಚಿತ್ತು. ಈಗ ಕೈಯಲ್ಲಿರುವ ಗಾಜಿನ ಫೋನಿನಲ್ಲಿ ಕನ್ನಡವಿದೆ, ದೀರ್ಘವಿದೆ, ಳಕಾರವಿದೆ. ಹಳೆಯದನ್ನು ಒರೆಸಿ ಕಪಾಟಿನಲ್ಲೇ ಇಟ್ಟೆ. ನೋಟುಪುಸ್ತಕ ಮಾತ್ರ ಶಿವಮೊಗ್ಗಕ್ಕೆ ಬಂದಿದೆ.